ಕಡಲಕರೆಯ ಹಾಡು, ಕಥೆ ಮತ್ತು ತಿಳಿವು: ಮೊಗವೀರರ ಮೌಖಿಕ ಪರಂಪರೆಯನ್ನು ಕುರಿತು

ಕರ್ಣಾಟಕದ ಇತಿಹಾಸವನ್ನು ಬರೆಯಹೊರಟವರ ಕಣ್ಣಿಗೆ ಮೊದಲು ಬೀಳುವುದು ಶಿಲಾಶಾಸನ. ಬಿ. ಎಲ್. ರೈಸ್ ಅವರು ೧೮೮೬ರಿಂದ ಮೊದಲುಗೊಂಡು ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳು ನಮ್ಮ ಇತಿಹಾಸರಚನೆಗೆ ತಳಹದಿಯಾದುದು ಸರ್ವವಿದಿತವಾದ ಸಂಗತಿ. ಆದರೆ ಆ ಮೊದಲ ಹನ್ನೆರಡು ಸಂಪುಟಗಳು ಹಳೆಯ ಮೈಸೂರು ಸೀಮೆಗೂ ಕೊಡಗಿಗೂ ಸಂಬಂಧಿಸಿದುವು. ೧೯೫೬ರ ಏಕೀಕರಣದವರೆಗೆ ದಕ್ಷಿಣ ಕನ್ನಡವು ಮದರಾಸಿಗೂ ಉತ್ತರ ಕನ್ನಡವು ಮುಂಬಯಿಗೂ ಸೇರಿದ್ದುದರಿಂದ, ಬೆಂಗಳೂರಿನಲ್ಲಿ ಕುಳಿತು ಅಭ್ಯಾಸ ನಡೆಸಿದ ಹಿಂದಿನ ತಲೆಮಾರಿನ ವಿದ್ವಾಂಸರಿಗೆ ಕರಾವಳಿಯು ತುಸು ದೂರದ ನಾಡಾಗಿಯೇ ಉಳಿಯಿತು. ಆ ದೂರವು ಇಂದಿಗೂ ಪೂರ್ಣವಾಗಿ ಅಳಿದಿದೆಯೆಂದು ಹೇಳಲಾಗದು. ಮಲ್ಲೇಶ್ವರದ ಮಾರುಕಟ್ಟೆಯ ಆಸುಪಾಸಿನಲ್ಲಿ ಮಂಗಳೂರಿನ ಬಂಗುಡೆಯ ಹೆಸರು ಕೇಳಿರುವವರು ಅನೇಕರು. ಅದನ್ನು ಹಿಡಿಯುವವರ ಇತಿಹಾಸವನ್ನು ಕೇಳಿರುವವರು ವಿರಳ.

ಶಾಸನಗಳು ಕರಾವಳಿಯಲ್ಲಿ ಇಲ್ಲವೆಂದಲ್ಲ. ಬಾರಕೂರಿನ ಸುತ್ತಮುತ್ತ ಅವು ವಿಪುಲವಾಗಿವೆ. ಆದರೆ ಅವುಗಳ ಮುಖ್ಯ ವಿಷಯ ಗದ್ದೆ, ತೋಟ, ಗೇಣಿ, ದೇವಾಲಯದ ದತ್ತಿ. ಭೂಮಿಯುಳ್ಳವನು ಭೂಮಿಯನ್ನು ಬಿಟ್ಟುಕೊಟ್ಟಾಗ ಶಾಸನ ಹುಟ್ಟುತ್ತದೆ. ಕಡಲನ್ನು ಯಾರೂ ದತ್ತಿ ಬಿಡಲಾರರು. ಅದಕ್ಕೆ ಚತುಸ್ಸೀಮೆಯನ್ನು ಬರೆಯಿಸಲೂ ಆಗದು. ಆದುದರಿಂದ ಶತಮಾನಗಳ ಕಾಲ ಕಡಲನ್ನೇ ನಂಬಿ ಬಾಳಿದ ಜನ ಕಲ್ಲಿನಲ್ಲಿ ಕಾಣಸಿಗುವುದು ಅಪೂರ್ವ. ಅವರ ದಾಖಲೆಗಳೆಲ್ಲ ಬಾಯಿಂದ ಬಾಯಿಗೆ ಬಂದುವು. ಪ್ರಕೃತ ಲೇಖನದಲ್ಲಿ ಅಂಥ ದಾಖಲೆಗಳ ಸ್ವರೂಪವನ್ನೂ, ಅವು ಯಾವ ಬಲದಿಂದ ಉಳಿಯುತ್ತವೆ, ಯಾವ ಕಾರಣದಿಂದ ಅಳಿಯುತ್ತವೆ ಎಂಬುದನ್ನೂ ಪರಿಶೀಲಿಸುವ ಉದ್ದೇಶವಿದೆ.

ಸುಮಾರು ೩೦೦ ಕಿಲೋಮೀಟರುಗಳ ನಮ್ಮ ಕರಾವಳಿಯುದ್ದಕ್ಕೂ ಮೀನುಗಾರಿಕೆಯನ್ನು ಕುಲವೃತ್ತಿಯಾಗಿ ಉಳ್ಳ ಸಮುದಾಯಗಳು ಹಲವು. ಕಾರವಾರದ ಕಡೆ ಹರಿಕಂತ್ರರೂ ಗಾಬಿತರೂ, ಹೊನ್ನಾವರದಿಂದ ಕುಂದಾಪುರದವರೆಗೆ ಕೊಂಕಣಿಯಾಡುವ ಖಾರ್ವಿಗಳೂ ಇದ್ದಾರೆ. ಬೈಂದೂರು ಕುಂದಾಪುರಗಳಿಂದ ಉಳ್ಳಾಲದ ತನಕ ಮೊಗವೀರರು ನೆಲಸಿದ್ದಾರೆ. ಇವರನ್ನು ಮರಕಾಲರೆಂದು ಕರೆಯುವ ವಾಡಿಕೆಯೂ ಇತ್ತು. ಉತ್ತರದ ಮೊಗವೀರರ ಮನೆಮಾತು ಕುಂದಾಪುರದ ಕನ್ನಡ, ದಕ್ಷಿಣದವರದು ತುಳು. ಭಾಷೆ ಎರಡಾದರೂ ಬಾರಕೂರಿನ ಬಳಿಯ ಬೆಣ್ಣೆಕುದುರಿನ ಕುಲಮಹಾಸ್ತ್ರೀ ಅಮ್ಮನಲ್ಲಿ ಭಕ್ತಿ, ಗ್ರಾಮದ ವ್ಯವಹಾರದಲ್ಲಿ ಗುರಿಕಾರನ ಹಿರಿತನ, ತಾಯಿಯ ಕಡೆಯಿಂದ ಬರುವ ಬಳಿ, ಈ ಮೂರು ಅವರನ್ನು ಒಂದಾಗಿ ಹಿಡಿದುವು. ಲೇಖನವನ್ನು ಬಹುಮಟ್ಟಿಗೆ ಇವರಿಗೇ ಸೀಮಿತಗೊಳಿಸಲಾಗಿದೆ. ಅವಶ್ಯವಾದೆಡೆ ನೆರೆಯವರ ಪ್ರಸ್ತಾಪ ಬರುತ್ತದೆ.

ಜಾನಪದವನ್ನು ಕುರಿತು ಬರೆಯುವವರಲ್ಲಿ ಒಂದು ಸಾಮಾನ್ಯ ಭಾವನೆಯಿದೆ: ಮುದುಕರು ಮರೆಯುತ್ತಿದ್ದಾರೆ, ಕಿರಿಯರು ಕಲಿಯುತ್ತಿಲ್ಲ, ಆದುದರಿಂದ ಹಾಡು ಅಳಿಯುತ್ತಿದೆ. ಇದು ಸುಳ್ಳಲ್ಲದಿದ್ದರೂ ಕಾರಣವನ್ನು ತಲೆಕೆಳಗಾಗಿ ಇಡುತ್ತದೆ ಎಂದು ನಮಗೆ ತೋರುತ್ತದೆ. ಜ್ಞಾಪಕಶಕ್ತಿ ಕುಂದಿದುದರಿಂದ ಹಾಡು ಹೋಗುವುದಲ್ಲ. ಹಾಡುವ ಸಂದರ್ಭ ಹೋದುದರಿಂದ ಜ್ಞಾಪಕವು ನಿರುದ್ಯೋಗಿಯಾಗುತ್ತದೆ. ಮೀನುಗಾರರ ಗ್ರಾಮದಲ್ಲಿ ಈ ಮಾತನ್ನು ಪರೀಕ್ಷಿಸಲು ಅವಕಾಶ ವಿಶೇಷವಾಗಿದೆ. ಏಕೆಂದರೆ ಅಲ್ಲಿ ಒಂದು ಸಂದರ್ಭವು ನಮ್ಮ ಹಿರಿಯರ ಕಣ್ಣೆದುರಿಗೇ, ಕೆಲವೇ ವರ್ಷಗಳಲ್ಲಿ ಮುಗಿದುಹೋಯಿತು; ಮತ್ತೊಂದು ಸಂದರ್ಭ ಯಾವ ಬದಲಾವಣೆಗೂ ಜಗ್ಗದೆ ನಿಂತಿದೆ.

ಮುಗಿದುಹೋದ ಸಂದರ್ಭವೆಂದರೆ ರಂಪಣಿ. ಇದು ದಡದಿಂದ ಎಳೆಯುವ ಮಹಾಬಲೆ. ಗೋವೆಯಲ್ಲಿಯೂ ಇದೇ ಬಗೆಯ ಬಲೆಗೆ ಇದನ್ನೇ ಹೋಲುವ ಹೆಸರಿದೆ; ಅಲ್ಲಿಯ ಸಾಂಪ್ರದಾಯಿಕ ಮೀನುಗಾರರಿಗೆ ‘ರಾಪಣಕಾರ’ರೆಂಬ ಹೆಸರು ಬಂದುದು ಈ ಬಲೆಯಿಂದಲೇ. ಇಡೀ ಬಲೆಯನ್ನು ಕೊಳ್ಳುವ ಶಕ್ತಿ ಒಬ್ಬ ಮನುಷ್ಯನಿಗಿರಲಿಲ್ಲ. ಕೂಟದ ಪ್ರತಿಯೊಬ್ಬ ಸದಸ್ಯನೂ ತನ್ನ ಪಾಲಿನ ಬಲೆಯ ತುಂಡನ್ನು ತರುತ್ತಿದ್ದನು. ಆ ತುಂಡುಗಳನ್ನು ಒಂದಕ್ಕೊಂದು ಜೋಡಿಸಿದಾಗ ನೂರಾರು ಮೀಟರುಗಳ, ಕೆಲವೆಡೆ ಕಿಲೋಮೀಟರನ್ನೂ ಮುಟ್ಟುವ ಬಲೆಯಾಗುತ್ತಿತ್ತು. ಬಲೆಯೇ ಗ್ರಾಮದ ಜನಗಣತಿಯಂತಿತ್ತೆಂದರೆ ತಪ್ಪಾಗಲಾರದು. ಯಾವ ಮನೆ ಕೂಟಕ್ಕೆ ಸೇರಿದೆ, ಯಾವುದು ಬಿಟ್ಟಿದೆ ಎಂಬುದು ಬಲೆಯ ಉದ್ದದಲ್ಲಿಯೇ ಕಾಣುತ್ತಿತ್ತು.

ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ ಬಂಗುಡೆ, ಬೂತಾಯಿಗಳ ಗುಂಪು ದಡದ ಸಮೀಪಕ್ಕೆ ಬರುತ್ತದೆ. ನೋಟಗಾರನು ಗುಂಪನ್ನು ಕಂಡು ಸನ್ನೆ ಮಾಡಿದೊಡನೆ ರಂಪಣಿ ದೋಣಿಯು ಬಲೆಯನ್ನು ಹೊತ್ತು ಹೊರಡುತ್ತಿತ್ತು. ಹಗ್ಗದ ಒಂದು ತುದಿ ದಡದಲ್ಲಿ. ದೋಣಿ ಅರ್ಧಚಂದ್ರಾಕಾರವಾಗಿ ಮೀನನ್ನು ಬಳಸಿ ಬಲೆಯನ್ನು ಬಿಡುತ್ತ ಬಂದು ಇನ್ನೊಂದು ತುದಿಯನ್ನು ದೂರದಲ್ಲಿ ದಡಕ್ಕೆ ಮುಟ್ಟಿಸುತ್ತಿತ್ತು. ಆ ಬಳಿಕ ಎರಡು ಸಾಲು. ಐವತ್ತು, ಅರವತ್ತು, ಕೆಲವೊಮ್ಮೆ ನೂರು ಮಂದಿ ಮರಳಿನಲ್ಲಿ ಕಾಲೂರಿ ಹಗ್ಗವನ್ನು ಎಳೆಯಬೇಕು. ಎಳೆತ ಗಂಟೆಗಟ್ಟಲೆ ಸಾಗುತ್ತಿತ್ತು. ಮೀನು ಅತ್ಯಧಿಕವಾಗಿ ಸಿಕ್ಕಿದಾಗ ಬಲೆಯನ್ನು ಆಳವಿಲ್ಲದ ನೀರಿನಲ್ಲಿ ಬಿಗಿದು ನಿಲ್ಲಿಸಿ, ಚಿಕ್ಕ ಬಲೆಗಳಿಂದ ಕಂತುಕಂತಾಗಿ ತೆಗೆಯುತ್ತಿದ್ದುದೂ ಉಂಟು.

ಈ ಎಳೆತಕ್ಕೆ ಹಾಡು ಬೇಕು. ಒಬ್ಬನು ಎತ್ತಿಕೊಡುವನು, ಸಾಲು ಒಪ್ಪಿಸಿಕೊಳ್ಳುವುದು. ‘ಐಲೇಸಾ’ ಎಂಬ ಕೂಗು ನಮ್ಮ ನಾಡಿನಲ್ಲೆಲ್ಲ ಪರಿಚಿತವಾದುದೇ; ಬೆಂಗಳೂರಿನಲ್ಲಿಯೂ ಭಾರವಾದ ತೊಲೆಯನ್ನೆತ್ತುವ ಕೂಲಿಗಳ ಬಾಯಲ್ಲಿ ಅದರ ಬಂಧುಗಳನ್ನು ಕೇಳಬಹುದು. ಎತ್ತಿಕೊಡುವವನ ಸಾಲಿನಲ್ಲಿ ಅರ್ಥವಿರಬಹುದು, ಇಲ್ಲದಿರಬಹುದು. ದೈವದ ಹೆಸರು, ಮೀನಿನ ಹೆಸರು, ಎದುರು ಸಾಲಿನವನ ಸೋಮಾರಿತನದ ಗೇಲಿ, ಹೆಂಡತಿಯ ತವರಿನ ಹಾಸ್ಯ, ಇವೆಲ್ಲ ಸಂದರ್ಭಕ್ಕೆ ತಕ್ಕಂತೆ ಬರುವುವು. ಅಂಥ ಸಾಲುಗಳನ್ನು ಮಾತ್ರ ಬರೆದುಕೊಂಡು ಬಂದ ಸಂಗ್ರಾಹಕನಿಗೆ ಅವು ಬಡವಾಗಿ ಕಂಡರೆ ಆಶ್ಚರ್ಯವಿಲ್ಲ. ಹಾಡಿನ ಸಾರವು ಅದರ ಪದಗಳಲ್ಲಿರಲಿಲ್ಲ.

ಅದು ಎಲ್ಲಿತ್ತೆಂಬುದನ್ನು ಬಲೆಯ ರಚನೆಯಿಂದ ತಿಳಿಯಬೇಕು. ಎರಡು ಸಾಲುಗಳ ನಡುವಣ ದೂರ ಹೆಚ್ಚು. ಗಾಳಿಯಲ್ಲಿ ಮಾತು ಕೇಳದು. ಒಂದು ಸಾಲು ವೇಗವಾಗಿ ಎಳೆದು ಇನ್ನೊಂದು ಹಿಂದುಳಿದರೆ ಬಲೆ ಓರೆಯಾಗಿ, ಅಡಿಯ ಅಂಚು ನೆಲವನ್ನು ಬಿಟ್ಟು, ಮೀನು ನುಸುಳಿಹೋಗುತ್ತದೆ. ಬಲೆಯ ಮಡಿಲು ದಡವನ್ನು ಸಮೀಪಿಸಿದಂತೆಲ್ಲ ಭಾರ ಏರುತ್ತದೆ. ಆಗ ರಭಸ ಕೂಡದು, ಬಲೆ ಹರಿಯುತ್ತದೆ. ಈ ಎಲ್ಲ ಆಜ್ಞೆಗಳನ್ನು ಲಯವೇ ಸಾಗಿಸುತ್ತಿತ್ತು. ಎತ್ತುಗಡೆಯ ನಡೆ ನಿಧಾನವಾದೊಡನೆ ಅರವತ್ತು ಜನರ ಬೆನ್ನು ನಿಧಾನವಾಗುವುದು. ಹೀಗಾಗಿ ಇಲ್ಲಿ ಹಾಡು ಹಗ್ಗದಷ್ಟೇ ಅವಶ್ಯಕವಾದ ಒಂದು ಉಪಕರಣ. ಶ್ರಮದ ಬೇಸರವನ್ನು ಕಳೆಯಲು ಹಾಡುತ್ತಿದ್ದರೆಂಬ ವಿವರಣೆ ಪಠ್ಯಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಾಣುವುದು. ಅದು ದಡದ ಮೇಲೆ ನಿಂತು ನೋಡಿದವರ ವಿವರಣೆ.

ಎಳೆತ ಮುಗಿದ ಮೇಲೆ ಪಾಲು. ದುಡಿದವನಿಗೆ ಒಂದು, ಬಲೆಯ ತುಂಡಿಗೆ ಒಂದು, ದೋಣಿಗೆ ಒಂದು, ದೇವರಿಗೂ ದೈವಕ್ಕೂ ಒಂದು, ಹೀಗೆ ಭಾಗವಾಗುತ್ತಿತ್ತು. ಹಗ್ಗಕ್ಕೆ ಕೈಹಚ್ಚಿದ ಹೊರಗಿನವನೂ ಬರಿಗೈಯಲ್ಲಿ ಹಿಂದಿರುಗುತ್ತಿರಲಿಲ್ಲ. ದೈವದ ಪಾಲಿನ ಮಾತು ಮುಂದೆ ಮತ್ತೆ ಬರುತ್ತದೆ.

ಇನ್ನು ತಿಳಿವಿನ ವಿಚಾರ. ಮೇಲೆ ಹೇಳಿದ ನೋಟಗಾರನು ಕಾಣುತ್ತಿದ್ದುದೇನು? ಬಂಗುಡೆಯ ಗುಂಪು ನೀರಿನ ಮೇಲ್ಮೈಗೆ ಬಂದಾಗ ಕಡಲಿನ ಬಣ್ಣ ಒಂದೆಡೆ ಕಪ್ಪಾಗುತ್ತದೆ, ಸಣ್ಣ ಸುಕ್ಕುಗಳೇಳುತ್ತವೆ, ಹಕ್ಕಿಗಳು ಎರಗುತ್ತವೆ. ಕತ್ತಲೆಯ ರಾತ್ರಿಗಳಲ್ಲಿ ಮೀನು ಕದಲಿದರೆ ನೀರು ಮಿನುಗುತ್ತದೆ; ಸೂಕ್ಷ್ಮಜೀವಿಗಳಿಂದ ಹುಟ್ಟುವ ಈ ಬೆಳಕಿನ ಆಕಾರವನ್ನೂ ಚಲನೆಯನ್ನೂ ನೋಡಿ ಮೀನಿನ ಜಾತಿಯನ್ನು ಊಹಿಸುವವರಿದ್ದರು. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಇಂದು ಉಪಗ್ರಹಗಳ ನೆರವಿನಿಂದ ಮೀನು ಸಿಕ್ಕಬಹುದಾದ ವಲಯಗಳನ್ನು ಪ್ರಕಟಿಸುತ್ತದೆ. ಉಪಗ್ರಹವು ಅಳೆಯುವುದು ಕಡಲ ಮೇಲ್ಮೈಯ ಉಷ್ಣತೆಯನ್ನೂ ನೀರಿನ ಬಣ್ಣವನ್ನೂ. ಬಣ್ಣದಿಂದ ಸೂಕ್ಷ್ಮ ಸಸ್ಯಗಳ ಪ್ರಮಾಣ, ಅದರಿಂದ ಮೀನಿನ ಸಂಭವ ತಿಳಿಯುತ್ತದೆ. ಇಬ್ಬರೂ ಬಣ್ಣವನ್ನೇ ನೋಡುತ್ತಾರೆಂದು ಹೇಳಿ ಹಳ್ಳಿಯ ಜ್ಞಾನಕ್ಕೆ ಅನವಶ್ಯಕವಾದ ಕಿರೀಟವನ್ನಿಡುವುದು ನಮ್ಮ ಉದ್ದೇಶವಲ್ಲ. ನೋಟಗಾರನು ಕಂಡದ್ದು ಮೀನನ್ನು, ಉಪಗ್ರಹವು ಕಾಣುವುದು ಮೀನಿನ ಆಹಾರವನ್ನು. ಮೊದಲನೆಯದು ಒಂದು ದಡಕ್ಕೆ ಸಾಲುವುದು, ಎರಡನೆಯದು ಇಡೀ ಸಮುದ್ರಕ್ಕೆ. ಎರಡೂ ಬೇರೆಬೇರೆ ಪ್ರಶ್ನೆಗಳಿಗೆ ಉತ್ತರ.

ದೂರಕ್ಕೆ ಹೋದವನು ತನ್ನ ಸ್ಥಳವನ್ನು ಅರಿಯುತ್ತಿದ್ದುದು ನೆಲವನ್ನು ನೋಡಿ. ದಡದ ಒಂದು ಗುರುತನ್ನೂ ಅದರ ಹಿಂದಣ ಬೆಟ್ಟದ ಒಂದು ಗುರುತನ್ನೂ ಒಂದೇ ಗೆರೆಗೆ ತರುವುದು. ಅಂಥ ಎರಡು ಗೆರೆಗಳು ಕೂಡಿದೆಡೆ ಬಂಡೆಯೋ ಮೀನಿನ ನೆಲೆಯೋ ಇರುವುದು. ಘಟ್ಟದ ಕುದುರೆಮುಖವು ತನ್ನ ಹೆಸರನ್ನು ಪಡೆದುದೇ ಕಡಲ ಕಡೆಯಿಂದ ಕಾಣುವ ಆಕಾರದಿಂದ. ೧೮೯೪ ಮೀಟರು ಎತ್ತರದ ಆ ಶಿಖರ ಹಡಗಿನವರಿಗೆ ಹಳೆಯ ಗುರುತು. ೧೯೦೧ರಲ್ಲಿ ಕಾಪುವಿನಲ್ಲಿ ದೀಪಸ್ತಂಭ ನಿಂತ ಮೇಲೆ ಗುರುತುಗಳ ಪಟ್ಟಿಗೆ ಇನ್ನೊಂದು ಸೇರಿತು. ಆಳವನ್ನು ಅಳೆಯುವ ಮಾನ ಮಾರು, ಎಂದರೆ ಚಾಚಿದ ಎರಡು ತೋಳುಗಳ ಅಗಲ. ಹಗ್ಗವನ್ನು ತೋಳಿನಿಂದ ತೋಳಿಗೆ ಎಳೆದುಕೊಳ್ಳುವಾಗ ಎಣಿಕೆ ತಾನಾಗಿಯೇ ಆಗುತ್ತದೆ. ಯಂತ್ರದೋಣಿಗಳ ಕಾಲದಲ್ಲಿಯೂ ಮೀನುಗಾರರು ಆಳವನ್ನು ಮಾರುಗಳಲ್ಲಿ ಹೇಳುವುದನ್ನು ಕೇಳಬಹುದು.

ಕಾಲದ ಎಣಿಕೆ ಎರಡು ಬಗೆ. ತಿಂಗಳಿನೊಳಗಣ ಎಣಿಕೆ ಚಂದ್ರನದು. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಉಬ್ಬರವಿಳಿತ ದೊಡ್ಡದು, ಅಷ್ಟಮಿಯ ಸುಮಾರಿಗೆ ಚಿಕ್ಕದು. ವರ್ಷದೊಳಗಣ ಎಣಿಕೆ ಮಳೆನಕ್ಷತ್ರಗಳದು. ಜೂನ್ ಮೊದಲ ವಾರದಲ್ಲಿ ಮೃಗಶಿರೆ, ಅನಂತರ ಸುಮಾರು ಹದಿನಾಲ್ಕು ದಿನಗಳಿಗೊಂದರಂತೆ ಆರ್ದ್ರೆ, ಪುನರ್ವಸು, ಪುಷ್ಯ, ಆಶ್ಲೇಷೆ. ಇದು ರೈತನ ಪಂಚಾಂಗವೇ ಆದರೂ ಮೀನುಗಾರನು ಅದನ್ನು ಓದುವ ರೀತಿ ಬೇರೆ. ರೈತನು ಮಳೆಯನ್ನು ಕಾಯುವನು. ನಾಡದೋಣಿಯವನು ತೂಫಾನನ್ನು ಕಾಯುವನು. ಕಡಲು ಕೆರಳಿ ಕಲಕಿದರೆ ಮಾತ್ರ ಸಿಗಡಿಯೂ ಮೀನೂ ದಡಕ್ಕೆ ಬರುತ್ತವೆಂಬುದು ಕರಾವಳಿಯಲ್ಲಿ ದೃಢವಾದ ನಂಬಿಕೆ. ಬಿರುಗಾಳಿಯನ್ನು ಬೇಡಿಕೊಳ್ಳುವ ಜನರನ್ನು ಕಂಡು ಘಟ್ಟದ ಮೇಲಣ ನಮಗೆ ವಿಸ್ಮಯವಾಗಬಹುದು. ನೈಋತ್ಯ ಮಾರುತದ ಕಾಲದಲ್ಲಿ ಪಶ್ಚಿಮ ಕರಾವಳಿಯುದ್ದಕ್ಕೂ ಆಳದ ತಣ್ಣೀರು ಮೇಲಕ್ಕೇರುವುದನ್ನು ಸಮುದ್ರವಿಜ್ಞಾನಿಗಳು ವಿವರಿಸಿದ್ದಾರೆ; ಆ ನೀರಿನಲ್ಲಿ ಪೋಷಕಾಂಶ ಹೆಚ್ಚು, ಪ್ರಾಣವಾಯು ಕಡಮೆ. ತಳದಲ್ಲಿರುವ ಜೀವಿಗಳು ಅದರಿಂದ ದಡದತ್ತ ಸರಿಯುವುದುಂಟು. ನಂಬಿಕೆಯ ಹಿಂದೆ ತಲೆತಲಾಂತರದ ವೀಕ್ಷಣೆಯಿದೆ ಎನ್ನಲು ಇಷ್ಟು ಸಾಕು.

ಈ ತಿಳಿವನ್ನೆಲ್ಲ ಕಲಿಸುವ ಪಾಠಶಾಲೆ ಯಾವುದು? ಕಡಲಿನ ಮೇಲೆ ಕಲಿತದ್ದು ಅರ್ಧ. ಉಳಿದರ್ಧವನ್ನು ಮಳೆಗಾಲ ಕಲಿಸುತ್ತಿತ್ತು. ಹತ್ತಿನೂಲಿನ ಬಲೆಗಳನ್ನು ಮರದ ತೊಗಟೆಯ ಚೊಗರಿನಲ್ಲಿ ಮತ್ತೆ ಮತ್ತೆ ಅದ್ದಿ ಒಣಗಿಸಬೇಕು, ಹರಿದದ್ದನ್ನು ಹೆಣೆಯಬೇಕು. ತೆಂಗಿನ ನಾರಿನಿಂದ ಹಲಗೆಗಳನ್ನು ಹೊಲಿದ ದೋಣಿಗಳನ್ನು ಬಿಚ್ಚಿ ಕಟ್ಟಿ, ಮೀನೆಣ್ಣೆಯನ್ನು ಬಳಿಯಬೇಕು. ಮೊಳೆಯಿಲ್ಲದೆ ಹೊಲಿದ ಈ ಬಗೆಯ ಹಡಗುಗಳನ್ನು ಮಧ್ಯಯುಗದ ವಿದೇಶೀ ಪ್ರವಾಸಿಗಳು ಬೆರಗಿನಿಂದ ವರ್ಣಿಸಿದ್ದಾರೆ. ಕೈಗಳಿಗೆ ಕೆಲಸ, ಬಾಯಿಗೆ ಬಿಡುವು. ಹೊರಗೆ ಎಡೆಬಿಡದ ಮಳೆ. ಕಥೆಗೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಯಕ್ಷಗಾನದ ಮೇಳಗಳ ತಿರುಗಾಟ ನಿಂತು ತಾಳಮದ್ದಳೆ ಆರಂಭವಾಗುವುದೂ ಇದೇ ಕಾಲದಲ್ಲಿ. ಹಿರಿಯನು ಯಾವ ವರ್ಷ ಬೂತಾಯಿ ಬರಲೇ ಇಲ್ಲ, ಯಾವ ದೋಣಿ ಅಳಿವೆಯ ಬಾಯಲ್ಲಿ ಮಗುಚಿತು, ಯಾರು ಬದುಕಿ ಬಂದರು ಎಂಬುದನ್ನು ಹೇಳುತ್ತ ಹೋದರೆ ಬಲೆ ಹೆಣೆಯುವ ಹುಡುಗನು ಅಳಿವೆಯ ಮರಳದಿಣ್ಣೆ ಎತ್ತ ಸರಿಯುತ್ತದೆಂಬುದನ್ನು ಅರಿಯದೆಯೇ ಕಲಿಯುತ್ತಿದ್ದನು. ಕಥೆ, ತಿಳಿವು ಎಂದು ನಾವು ಎರಡು ಹೆಸರಿಟ್ಟಿರುವುದು ನಮ್ಮ ಅನುಕೂಲಕ್ಕೆ.

ಈಗ ಅಳಿಯದೆ ನಿಂತ ಸಂದರ್ಭಕ್ಕೆ ಬರೋಣ. ಮೊಗವೀರರ ಗ್ರಾಮಗಳಲ್ಲಿ ಬೊಬ್ಬರ್ಯನ ಸ್ಥಾನವಿಲ್ಲದ ಕರೆ ದುರ್ಲಭ. ೧೯೦೯ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ನನ ಗ್ರಂಥದಲ್ಲಿಯೂ ಈ ಬೆಸ್ತರ ಮುಖ್ಯ ದೈವವೆಂದು ಬೊಬ್ಬರ್ಯನ ಹೆಸರಿದೆ. ಈತನ ಪಾಡ್ದನದಲ್ಲಿ ಪಾಠಾಂತರಗಳು ಅನೇಕ. ಹಲವು ಪಾಠಗಳಲ್ಲಿ ಕಾಣುವ ಎಲುಬುಗೂಡು ಹೀಗಿದೆ: ತಾಯಿ ಜೈನ ಮನೆತನದಲ್ಲಿ ಹುಟ್ಟಿದವಳು, ತಂದೆ ಮುಸಲ್ಮಾನ ವ್ಯಾಪಾರಿ, ಬ್ಯಾರಿ. ಮಗನು ಕಡಲ ವ್ಯಾಪಾರಕ್ಕಿಳಿದು ಹಡಗನ್ನು ಕಟ್ಟಿಸುತ್ತಾನೆ, ಕಡಲಿನಲ್ಲಿಯೇ ಮಡಿಯುತ್ತಾನೆ, ಮಡಿದವನು ದೈವವಾಗಿ ದಡಕ್ಕೆ ಬಂದು ತನಗೊಂದು ಸ್ಥಾನವನ್ನು ಕೇಳುತ್ತಾನೆ. ಸ್ಥಾನ ಕೊಟ್ಟವರು ಮೀನುಗಾರರು.

ಈ ಕಥೆಯನ್ನು ಇತಿಹಾಸಕಾರನು ಹೇಗೆ ಬಳಸಬೇಕು? ಕೆಲವರು ಬೊಬ್ಬರ್ಯನ ಕಾಲವನ್ನೂ ಊರನ್ನೂ ನಿರ್ಣಯಿಸಲು ತೊಡಗುತ್ತಾರೆ. ಅದು ಫಲವಿಲ್ಲದ ಶ್ರಮ. ಇನ್ನು ಕೆಲವರು ಇದೆಲ್ಲ ಕಟ್ಟುಕಥೆಯೆಂದು ತಳ್ಳಿಬಿಡುತ್ತಾರೆ. ಅದಕ್ಕೆ ಉತ್ತರ ಬೇರೆ ಆಧಾರಗಳಲ್ಲಿ ದೊರೆಯುತ್ತದೆ. ಮೊರಾಕೊದ ಪ್ರವಾಸಿ ಇಬ್ನ್ ಬತೂತನು ದೆಹಲಿಯ ಸುಲ್ತಾನನ ರಾಯಭಾರಿಯಾಗಿ ಚೀಣಕ್ಕೆ ಹೊರಟು, ಸುಮಾರು ೧೩೪೨ರಲ್ಲಿ ನಮ್ಮ ಕರಾವಳಿಯನ್ನು ಹಾದುಹೋದನು. ಆತನು ‘ಫಾಕನೂರ್’ ಎಂದು ಕರೆದಿರುವ ಊರು ಬಾರಕೂರೆಂಬುದನ್ನು ವಿದ್ವಾಂಸರು ಒಪ್ಪಿದ್ದಾರೆ. ಅಲ್ಲಿಯ ಅರಸನು ಹಿಂದೂ. ಆತನ ಹೆಸರು ಪ್ರವಾಸಿಯ ಕಿವಿಗೆ ‘ಬಾಸದವ್’ ಎಂದು ಕೇಳಿಸಿತು. ಆ ಅರಸನಿಗೆ ಸುಮಾರು ಮೂವತ್ತು ಯುದ್ಧನೌಕೆಗಳಿದ್ದುವು. ಅವುಗಳ ನಾಯಕನು ಲೂಲಾ ಎಂಬ ಮುಸಲ್ಮಾನನು. ಹಾದುಹೋಗುವ ಹಡಗುಗಳು ಲಂಗರು ಹಾಕಿ ಬಂದರಿನ ಹಕ್ಕನ್ನು ಒಪ್ಪಿಸಬೇಕಾಗಿತ್ತು. ಮಂಜರೂರ್, ಎಂದರೆ ಮಂಗಳೂರಿನಲ್ಲಿ, ಸುಮಾರು ನಾಲ್ಕು ಸಾವಿರ ಮುಸಲ್ಮಾನರ ಕೇರಿಯಿತ್ತೆಂದೂ ಆತನು ಬರೆದಿದ್ದಾನೆ.

ಅದಕ್ಕೂ ಎರಡು ಶತಮಾನ ಹಿಂದೆ ಅಬ್ರಾಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನು ಮಂಗಳೂರಿನಲ್ಲಿ ಅನೇಕ ವರ್ಷ ನೆಲಸಿದ್ದನು. ೧೧೩೨ರಲ್ಲಿ ಅವನು ಆಶು ಎಂಬ ದೇಶೀಯ ದಾಸಿಯನ್ನು ಬಿಡುಗಡೆ ಮಾಡಿದ ಪತ್ರವೂ ಅವನ ವ್ಯಾಪಾರದ ಕಾಗದಗಳೂ ಕೈರೊ ನಗರದ ಯೆಹೂದಿ ಮಂದಿರವೊಂದರ ಹಳೆಯ ಕಡತಗಳಲ್ಲಿ ದೊರೆತಿವೆ. ಅವಳೇ ಅವನ ಮಕ್ಕಳ ತಾಯಿಯೆಂಬುದು ಆ ಕಡತಗಳನ್ನು ಅಭ್ಯಸಿಸಿದವರ ಅಭಿಪ್ರಾಯ. ಪರದೇಶದ ವರ್ತಕ, ಈ ನೆಲದ ತಾಯಿ, ಕಡಲಿಗೆ ಹೋಗುವ ಮಗ, ಹಿಂದೂ ಅರಸನ ಹಡಗುಗಳ ಮುಸಲ್ಮಾನ ನಾಯಕ: ಪಾಡ್ದನವು ಕಲ್ಪಿಸುವ ಸಮಾಜ ಈ ಕರಾವಳಿಯಲ್ಲಿ ಇದ್ದೇ ಇತ್ತು. ಬೊಬ್ಬರ್ಯನೆಂಬ ವ್ಯಕ್ತಿ ಇದ್ದನೆಂಬುದಕ್ಕೆ ಇದು ಪ್ರಮಾಣವಾಗಲಾರದು. ಆದರೆ ಯಾವ ಶಾಸನವೂ ಬರೆದಿಡದ ಒಂದು ಸಂಬಂಧವನ್ನು, ಅದರ ನೋವನ್ನೂ ಒಪ್ಪಿಗೆಯನ್ನೂ, ಬೆಸ್ತರ ಗ್ರಾಮವು ತನ್ನ ಪೂಜೆಯಲ್ಲಿ ಉಳಿಸಿಕೊಂಡಿತು. ಕಾಸರಗೋಡಿನ ಕಡೆ ಆಲಿ ಭೂತದ ಆರಾಧನೆಯೂ ಇರುವುದರಿಂದ ಇದು ಒಂಟಿ ಉದಾಹರಣೆಯಲ್ಲ.

ಇಲ್ಲಿ ಗಮನಿಸತಕ್ಕ ಇನ್ನೊಂದು ಸಂಗತಿಯಿದೆ. ನೇಮದಲ್ಲಿ ಈ ಪಾಡ್ದನವನ್ನು ಹಾಡುವವರು ಮೊಗವೀರರಲ್ಲ. ಪಂಬದ, ಪರವ, ನಲಿಕೆ ಮೊದಲಾದ ಸಮುದಾಯಗಳ ಕಲಾವಿದರು. ಕಡಲಿನವರ ಚರಿತ್ರೆ ನೆಲದವರ ಬಾಯಲ್ಲಿದೆ. ಕೇಳುವವರು ಒಬ್ಬರು, ನೆನಪಿಡುವವರು ಮತ್ತೊಬ್ಬರು, ಖರ್ಚನ್ನು ಹೊರುವುದು ಬಲೆಯ ಪಾಲು. ಈ ಏರ್ಪಾಡಿನಲ್ಲಿ ಹಾಡುಗಾರನ ಸ್ಮರಣೆಯು ಅವನೊಬ್ಬನ ಇಷ್ಟಕ್ಕೆ ಬಿಟ್ಟ ವಿಷಯವಾಗಿರಲಿಲ್ಲ. ನೇಮದ ದಿನ ಬಂದಾಗ ಹಾಡು ಬೇಕೇ ಬೇಕು. ಬಾಸೆಲ್ ಮಿಶನ್ನಿನ ಆಗಸ್ಟ್ ಮ್ಯಾನರ್ ೧೮೮೬ರಲ್ಲಿ ಮಂಗಳೂರಿನಲ್ಲಿ ‘ಪಾಡ್ದನೊಳು’ ಎಂಬ ಸಂಕಲನವನ್ನು ಅಚ್ಚುಮಾಡಿಸಿದನು. ನ್ಯಾಯಾಧೀಶನಾಗಿದ್ದ ಎ. ಸಿ. ಬರ್ನೆಲ್ಲನ ಸಂಗ್ರಹವು ಅವನು ತೀರಿಕೊಂಡ ಬಳಿಕ, ೧೮೯೪ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಬೆಳಕು ಕಂಡಿತು. ಇವರ ಉಪಕಾರ ದೊಡ್ಡದು. ಆದರೆ ಪಾಡ್ದನ ಬದುಕಿದುದು ಈ ಪುಸ್ತಕಗಳಿಂದಲ್ಲ. ಮುದ್ರಿತ ಪಾಠದಲ್ಲಿ ಯಾವ ಊರಿನಲ್ಲಿ, ಯಾರ ಖರ್ಚಿನಲ್ಲಿ, ರಾತ್ರಿಯ ಯಾವ ಜಾವದಲ್ಲಿ ಇದನ್ನು ಹಾಡುವರೆಂಬ ವಿವರವಿಲ್ಲದಿರುವುದೇ ಇತಿಹಾಸದ ವಿದ್ಯಾರ್ಥಿಗೆ ದೊಡ್ಡ ಕೊರತೆ.

ರಂಪಣಿಗೆ ಹಿಂದಿರುಗೋಣ. ೧೯೭೫–೭೬ರ ಋತುವಿನಲ್ಲಿ ಕರ್ಣಾಟಕದಲ್ಲಿ ಪರ್ಸೀನ್ ಬಲೆಯ ಯಂತ್ರದೋಣಿಗಳು ಬಳಕೆಗೆ ಬಂದುವು. ಮೀನು ದಡಕ್ಕೆ ಬರುವವರೆಗೆ ಕಾಯದೆ, ಆಳದಲ್ಲಿಯೇ ಗುಂಪನ್ನು ಸುತ್ತುವರಿದು ಚೀಲದಂತೆ ಬಲೆಯ ಬಾಯಿಯನ್ನು ಬಿಗಿಯುವ ವಿಧಾನವದು. ದಡದಲ್ಲಿ ಕಾಯುತ್ತಿದ್ದ ರಂಪಣಿಗೆ ಬರುವ ಮೀನು ಕಡಮೆಯಾಯಿತು. ಗೋವೆಯಲ್ಲಿಯಂತೆ ಇಲ್ಲಿಯೂ ಘರ್ಷಣೆಗಳಾದುವು. ಕಡಲ ಮೀನುಗಾರಿಕೆಯನ್ನು ನಿಯಂತ್ರಿಸುವ ಅಧಿನಿಯಮ ನಮ್ಮ ರಾಜ್ಯದಲ್ಲಿ ೧೯೮೬ರಲ್ಲಿ ಬಂದಿತು. ಅಷ್ಟರಲ್ಲಿ ಹಲವು ರಂಪಣಿ ಕೂಟಗಳೇ ಸಾಲ ತೆಗೆದು ಪರ್ಸೀನ್ ದೋಣಿಗಳನ್ನು ಕೊಂಡಿದ್ದುವು. ಸೋತವರು, ಗೆದ್ದವರು ಬೇರೆಬೇರೆ ಜನವೆಂಬ ಸರಳ ಚಿತ್ರ ಈ ಕಾರಣದಿಂದ ಸರಿಹೊಂದುವುದಿಲ್ಲ. ಬಡತನದ ನೆನಪುಳ್ಳ ಯಾವ ಮೊಗವೀರನೂ ಯಂತ್ರದೋಣಿ ಬಾರದಿದ್ದರೆ ಚೆನ್ನಾಗಿತ್ತೆಂದು ಸಲೀಸಾಗಿ ಹೇಳಲಾರನು. ಹೊರಗಿನ ನಾವು ಅವನ ಪರವಾಗಿ ಹಾಗೆ ಹೇಳುವುದು ಶೋಭಿಸದು.

ಆದರೆ ಇಂಜಿನ್ನಿಗೆ ಹಾಡು ಬೇಡ. ಇಪ್ಪತ್ತು ಮೂವತ್ತು ಮಂದಿಯ ತಂಡದ ಲಯವನ್ನು ಯಂತ್ರವೇ ನಿರ್ಣಯಿಸಿತು. ನೈಲಾನ್ ಬಲೆ ಬಂದು ಚೊಗರಿನ ಹಂಡೆಗಳೂ ಮೂಲೆ ಸೇರಿದ್ದುವು. ಎತ್ತಿಕೊಡುತ್ತಿದ್ದವನು ಹಾಡನ್ನು ಮರೆತಿರಲಿಲ್ಲ. ಅದನ್ನು ಎತ್ತಿಕೊಡಲು ಹಗ್ಗವಿರಲಿಲ್ಲ. ಚಿಕ್ಕದಾದ ಕೈರಂಪಣಿಯನ್ನು ಅಲ್ಲಲ್ಲಿ ಇಂದಿಗೂ ಎಳೆಯುವುದುಂಟು, ಕೂಗೂ ಕೇಳಿಬರುತ್ತದೆ. ನೂರು ಜನರ ಎರಡು ಸಾಲನ್ನು ಸಮತೋಲದಲ್ಲಿಡುವ ಕೆಲಸ ಅದಕ್ಕಿಲ್ಲದ ಕಾರಣ ಹಾಡು ಕೂಗಿನಷ್ಟಕ್ಕೇ ನಿಂತಿದೆ.

ಮಳೆಗಾಲದ ಕಥೆಯ ಗತಿಯೂ ಇಂಥದೇ, ಆದರೆ ಹೆಚ್ಚು ನಿಧಾನವಾದುದು. ಈಗ ಯಂತ್ರದೋಣಿಗಳಿಗೆ ಜೂನ್ ೧ರಿಂದ ಜುಲೈ ೩೧ರವರೆಗೆ ೬೧ ದಿನ ನಿಷೇಧವಿದೆ. ರಜೆಯಿದೆಯಾದರೂ ಕೇಳುವವರಿಲ್ಲ. ಮಂಗಳೂರು, ಮಲ್ಪೆ ಬಂದರುಗಳ ದೋಣಿಗಳಲ್ಲಿ ಒಡಿಶಾ, ಆಂಧ್ರ, ಝಾರ್ಖಂಡ್ ಕಡೆಯ ಕಾರ್ಮಿಕರು ಬಹಳ ಮಂದಿ. ನಿಷೇಧ ಬಂದೊಡನೆ ಅವರು ತಮ್ಮ ಊರುಗಳಿಗೆ ಹೊರಡುತ್ತಾರೆ. ಬಲೆಯನ್ನು ಹೆಣೆಯಬೇಕಾದ ಮೊಗವೀರರ ಹುಡುಗನು ಕಾಲೇಜಿನಲ್ಲಿದ್ದಾನೆ, ಇಲ್ಲವೆ ಮುಂಬಯಿಯಲ್ಲಿದ್ದಾನೆ. ಮುಂಬಯಿಗೆ ವಲಸೆ ಹೊಸತೇನಲ್ಲ; ಮೊಗವೀರ ವ್ಯವಸ್ಥಾಪಕ ಮಂಡಳಿಯು ಅಲ್ಲಿ ಸ್ಥಾಪಿತವಾದುದು ೧೯೦೨ರಲ್ಲಿ. ದೂರ ಹೋದವರು ನೇಮಕ್ಕೂ ಭಜನೆಗೂ ಊರಿಗೆ ಬರುತ್ತಾರೆ, ಹಣವನ್ನು ಕಳುಹಿಸುತ್ತಾರೆ. ಬಲೆ ಹೆಣೆಯಲು ಬರುವುದಿಲ್ಲ.

ಭಜನೆಯ ಮಾತು ಬಂದುದರಿಂದ ಒಂದು ಸಂಗತಿಯನ್ನು ಹೇಳಬೇಕು. ಮೊಗವೀರರ ಗ್ರಾಮಗಳಲ್ಲಿ ಭಜನಾಮಂದಿರವು ಶಾಲೆಯಷ್ಟೇ ಸಾಮಾನ್ಯವಾದುದು. ವಾರಕ್ಕೊಮ್ಮೆ ಸೇರುವ ಕಟ್ಟುಪಾಡು, ತಾಳ, ಒಬ್ಬನು ಎತ್ತಿಕೊಟ್ಟು ಹಲವರು ಒಪ್ಪಿಸಿಕೊಳ್ಳುವ ಕ್ರಮ, ಇವೆಲ್ಲ ಅಲ್ಲಿವೆ. ಹಗ್ಗದ ಸಾಲಿನ ಕಂಠಗಳು ಮಂದಿರದ ಸಾಲಿಗೆ ಸೇರಿಕೊಂಡುವೆಂದು ಊಹಿಸಬಹುದು. ಪದಗಳು ದಾಸರವು, ಒಕ್ಕೊರಲಿನ ಅಭ್ಯಾಸ ಕಡಲಕರೆಯದು. ಶ್ರಾವಣದ ಹುಣ್ಣಿಮೆಯಂದು ಹಾಲು, ಹೂ, ತೆಂಗಿನಕಾಯಿಗಳನ್ನು ಕಡಲಿಗೆ ಅರ್ಪಿಸುವ ಸಮುದ್ರಪೂಜೆಯೂ ಹೀಗೆಯೇ ಉಳಿದಿದೆ. ಮಲ್ಪೆಯಲ್ಲಿ ವಡಭಾಂಡೇಶ್ವರದಿಂದ ಹೊರಡುವ ಮೆರವಣಿಗೆಯಲ್ಲಿ ಯಂತ್ರದೋಣಿಯ ಮಾಲಿಕನೂ ನಾಡದೋಣಿಯವನೂ ಜೊತೆಯಾಗಿರುತ್ತಾರೆ.

ಕುಂದಾಪುರದ ಖಾರ್ವಿಗಳ ಹೋಳಿಯಲ್ಲಿ ಬಾರಿಸುವ ಗುಮಟೆ ಇನ್ನೊಂದು ನಿದರ್ಶನ. ಮಣ್ಣಿನ ಮಡಕೆಯ ಬಾಯಿಗೆ ಉಡದ ಚರ್ಮವನ್ನು ಬಿಗಿದು ಮಾಡುವ ವಾದ್ಯವದು. ೧೯೭೨ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದಿಂದ ಉಡವನ್ನು ಕೊಲ್ಲುವುದು ಅಪರಾಧವಾಯಿತು. ಆಡಿನ ಚರ್ಮ ಬಂದಿತು, ನಾದ ತುಸು ಬದಲಾಯಿತು. ಹೋಳಿ ನಿಲ್ಲಲಿಲ್ಲ, ಗುಮಟೆಯ ಹಾಡೂ ನಿಲ್ಲಲಿಲ್ಲ. ವಾದ್ಯದ ಚರ್ಮವೇ ಬದಲಾದರೂ ಹಬ್ಬದ ದಿನವಿದ್ದರೆ ಹಾಡು ಇರುತ್ತದೆ. ಹಾಡುಗಾರನು ಆರೋಗ್ಯವಾಗಿದ್ದರೂ ಹಗ್ಗ ಹೋದರೆ ಹಾಡು ಹೋಗುತ್ತದೆ.

ಮಹಿಳೆಯರ ವಿಷಯವನ್ನು ಬರೆದವರು ಬಹಳ ಕಡಮೆ. ದಡಕ್ಕೆ ಬಂದ ಮೀನು ಮುಂದೆ ಅವರದು. ಬುಟ್ಟಿಯನ್ನು ಹೊತ್ತು ಒಳನಾಡಿನ ಊರೂರು ತಿರುಗಿ ಮಾರುತ್ತಿದ್ದವರು ಅವರು. ಯಾವ ಮನೆಯಲ್ಲಿ ಮದುವೆ, ಯಾವ ಮನೆಯಲ್ಲಿ ಸೂತಕ, ಯಾರು ಸಾಲವನ್ನು ತೀರಿಸುವರು ಎಂಬ ತಿಳಿವು ಅವರ ಬಂಡವಾಳ. ಕಡಲಿನ ಸುದ್ದಿಯನ್ನು ನಾಡಿಗೂ ನಾಡಿನ ಕಥೆಯನ್ನು ಕಡಲಿಗೂ ಸಾಗಿಸಿದವರೂ ಅವರೇ ಇರಬೇಕು. ಅಳಿಯಸಂತಾನದ ಕಟ್ಟಿನಲ್ಲಿ ಬಳಿಯ ಹೆಸರು, ಯಾರು ಯಾರ ಮನೆಗೆ ಸೇರಿದವರೆಂಬ ವಂಶದ ಲೆಕ್ಕವೆಲ್ಲ ತಾಯಂದಿರ ಬಾಯಲ್ಲಿತ್ತು. ನಮ್ಮ ಸಂಗ್ರಾಹಕರು ದೈವಸ್ಥಾನಕ್ಕೂ ದೋಣಿಗೂ ಹೋದಷ್ಟು ಸಲ ಮೀನಿನ ಮಾರುಕಟ್ಟೆಗೆ ಹೋಗಲಿಲ್ಲ.

ನಮ್ಮ ವಿಭಾಗಕ್ಕೆ ಕರಾವಳಿಯಿಂದ ಬರುವ ವಿದ್ಯಾರ್ಥಿಗಳು ಪ್ರತಿವರ್ಷವೂ ಕೆಲವರಿರುತ್ತಾರೆ. ಅವರಿಗೆ ಉಪಯೋಗವಾಗಲೆಂದು ಒಂದೆರಡು ಮಾತು. ಹಾಡಿನ ಸಾಲುಗಳನ್ನು ಕೇಳುವುದಕ್ಕೆ ಮೊದಲು ಹಗ್ಗವನ್ನು ಕುರಿತು ಕೇಳತಕ್ಕದ್ದು: ಎಷ್ಟು ಜನ, ಯಾವ ಕಡೆ ಯಾರು, ಎತ್ತಿಕೊಡುವವನು ಸಾಲಿನ ತುದಿಯಲ್ಲಿ ನಿಲ್ಲುತ್ತಿದ್ದನೋ ನಡುವೆಯೋ, ಬಲೆಯ ಮಡಿಲು ಹತ್ತಿರವಾದಾಗ ನಡೆ ಹೇಗೆ ಬದಲಾಗುತ್ತಿತ್ತು, ಎದುರು ಸಾಲಿಗೆ ಅದು ಹೇಗೆ ತಿಳಿಯುತ್ತಿತ್ತು. ರಂಪಣಿ ಕೂಟಗಳು ಪಾಲಿನ ಲೆಕ್ಕವನ್ನು ಇಟ್ಟಿದ್ದರೆ ಆ ಪುಸ್ತಕಗಳು ಗುರಿಕಾರರ ಮನೆಯ ಅಟ್ಟದಲ್ಲಿರಬಹುದು. ದೈವದ ಪಾಲು ಯಾವ ವರ್ಷ ಎಷ್ಟಾಯಿತು, ಯಾವ ವರ್ಷ ನಿಂತಿತು ಎಂಬುದು ಅಲ್ಲಿ ಸಿಕ್ಕಿದರೆ ಅದು ಶಾಸನಕ್ಕೆ ಕಡಮೆಯಾದ ಆಧಾರವಲ್ಲ. ೧೯೭೫ರಲ್ಲಿ ಇಪ್ಪತ್ತು ವರ್ಷದ ತರುಣನಾಗಿ ರಂಪಣಿಯ ಹಗ್ಗವನ್ನು ಎಳೆದವನಿಗೆ ಈಗ ಎಪ್ಪತ್ತು ತುಂಬಿದೆ. ಆತನ ಬಳಿಗೆ ಮಳೆಗಾಲದಲ್ಲಿ ಹೋಗುವುದು ಲೇಸು. ಕೈಯಲ್ಲಿ ಬಲೆಯ ತುಂಡೊಂದಿದ್ದರೆ ಮಾತು ಬೇಗ ಹೊರಡುತ್ತದೆ.